ಕಾಣದ ಕೆಲಸದ ಕಟ್ಟಳೆ

ಹುಬ್ಬಳ್ಳಿ-ಧಾರವಾಡದ ವ್ಯಾಪಾರಿ ವಲಯದಲ್ಲಿ ಈಚಿನ ವರ್ಷಗಳಲ್ಲಿ ಒಂದು ಅಭಿಪ್ರಾಯವು ಪ್ರಶ್ನಾತೀತವಾದ ಲೋಕಾನುಭವದ ಪದವಿಯನ್ನು ಸಂಪಾದಿಸಿಕೊಂಡಿದೆ. ವಿದ್ಯಾನಗರದಲ್ಲಿಯೋ ಗೋಕುಲ ರಸ್ತೆಯಲ್ಲಿಯೋ ಒಂದು ಮೇಲಂತಸ್ತನ್ನು ಬಾಡಿಗೆಗೆ ಹಿಡಿದು, ನಾಲ್ಕಾರು ಗಣಕಯಂತ್ರಗಳನ್ನೂ ಅಷ್ಟೇ ಮಂದಿ ತರುಣ ತರುಣಿಯರನ್ನೂ ಕೂಡಿಸಿಕೊಂಡು, ಅಂಗಡಿಗಳಿಗೆ, ಆಸ್ಪತ್ರೆಗಳಿಗೆ, ಶಾಲೆಗಳಿಗೆ, ಮಠಮಾನ್ಯಗಳಿಗೆ ಜಾಲತಾಣಗಳನ್ನು ಕಟ್ಟಿಕೊಡುವ ಚಿಕ್ಕ ಉದ್ಯಮಿಯೊಬ್ಬನು ತನ್ನ ಕಸುಬು ಇಂತಿಂಥ ಮೌಲ್ಯಗಳ ಮೇಲೆ ನಿಂತಿದೆಯೆಂದು ಹೇಳಿದನೆಂದರೆ, ಕೇಳಿದ ಹಿರಿಯರು ವಾತ್ಸಲ್ಯದಿಂದಲೇ ಅವನ ಬೆನ್ನು ತಟ್ಟಿ, "ನೀತಿ-ಗೀತಿ ಎಲ್ಲಾ ಹೊಟ್ಟಿ ತುಂಬಿದವರ ಮಾತ್ರೀ, ಮೊದಲ ಧಂದೆ ನಿಂದ್ರಲಿ, ಆಮ್ಯಾಲೆ ನೋಡೋಣು" ಎನ್ನುತ್ತಾರೆ. ಈ ಮಾತನ್ನು ಆಡುವವರು ದುಷ್ಟರಲ್ಲ. ಬಹುಮಟ್ಟಿಗೆ ಅವರು ಸ್ವತಃ ಕಷ್ಟಪಟ್ಟು ಮೇಲೆ ಬಂದವರು, ಉದ್ರಿಯ ಬವಣೆಯನ್ನೂ ತಿಂಗಳ ಕೊನೆಯ ಪಗಾರದ ಚಿಂತೆಯನ್ನೂ ಕಂಡುಂಡವರು. ಆದಕಾರಣವೇ ಅವರ ಮಾತಿಗೆ ತೂಕವಿದೆ. ತೂಕವಿರುವುದರಿಂದಲೇ ಅದನ್ನು ಖಂಡಿಸಬೇಕಾದ ಅವಶ್ಯಕತೆಯೂ ಇದೆ.

ಆ ಅಭಿಪ್ರಾಯದ ತಿರುಳು ಇಷ್ಟು: ಮೌಲ್ಯವೆಂಬುದು ಲಾಭವು ಕೈಸೇರಿದ ಬಳಿಕ ತೊಡಬಹುದಾದ ಆಭರಣ, ದೊಡ್ಡ ಸಂಸ್ಥೆಗೆ ಅದು ಶೋಭೆ, ಚಿಕ್ಕವನಿಗೆ ಭಾರ. ಇದು ಅನೈತಿಕವಾದ ಮಾತೆಂದು ನಾನು ದೂರುವುದಿಲ್ಲ. ಇದು ಕೆಲಸದ ಸ್ವರೂಪವನ್ನೇ ಅರಿಯದ ಮಾತು ಎಂಬುದು ನನ್ನ ಆಕ್ಷೇಪಣೆ. ಜಾಲತಾಣ ಕಟ್ಟುವ ಚಿಕ್ಕ ಸಂಸ್ಥೆಗೆ ಮೌಲ್ಯವು ಕೆಲಸದ ಹೊರಗಿನಿಂದ ತಂದು ಹಚ್ಚತಕ್ಕ ಬಣ್ಣವಾಗಿರದೆ ಕೆಲಸದ ಒಂದು ಅಂಗವೇ ಆಗಿರುತ್ತದೆ. ಆ ಅಂಗವನ್ನು ಬಿಟ್ಟು ಮಾಡಿದ ಕೆಲಸವು ಅಗ್ಗದ ಕೆಲಸವಾಗುವುದಿಲ್ಲ, ಅರ್ಧ ಕೆಲಸವಾಗುತ್ತದೆ.

ಇಂಥ ತಪ್ಪು ತಿಳಿವಳಿಕೆ ಎಲ್ಲಿಂದ ಬಂತೆಂದು ವಿಚಾರಿಸಿದರೆ, ದೊಡ್ಡ ಕಂಪನಿಗಳ ಸ್ವಾಗತಕೋಣೆಯ ಗೋಡೆಗಳ ಕಡೆಗೆ ಬೊಟ್ಟುಮಾಡಬೇಕಾಗುತ್ತದೆ. ಕೊಂಕಣದ ದಾಭೋಳದ ವಿದ್ಯುತ್ ಸ್ಥಾವರದ ಮೂಲಕ ನಮ್ಮ ನೆರೆಗೂ ಕಾಲಿಟ್ಟಿದ್ದ ಅಮೆರಿಕದ ಎನ್ರಾನ್ ಕಂಪನಿಯು ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ ಎಂಬ ನಾಲ್ಕನ್ನು ತನ್ನ ಮೌಲ್ಯಗಳೆಂದು ಜಗತ್ತಿಗೆ ಸಾರಿಕೊಂಡಿತ್ತು. ಸುಳ್ಳು ಲೆಕ್ಕಗಳ ಮೇಲೆ ಕಟ್ಟಿದ ಆ ಸೌಧವು 2001ರ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಇಂಥ ಗೋಡೆಬರಹಗಳನ್ನು ಕಂಡು ಜನರು ಮೌಲ್ಯವೆಂಬ ಮಾತಿನ ಮೇಲೆಯೇ ಜಿಗುಪ್ಸೆಪಟ್ಟುಕೊಂಡರೆ ಅದು ಸಹಜ. ಆದರೆ ಅದರಿಂದ ಅವರು ತೆಗೆದ ತಾತ್ಪರ್ಯವು ವಿಪರೀತವಾದದ್ದು. ಸಾವಿರಾರು ಜನ ದುಡಿಯುವ ಸಂಸ್ಥೆಯಲ್ಲಿ ಗೋಡೆಯ ಮಾತನ್ನು ಬರೆಯುವವನು ಒಬ್ಬ, ಗಿರಾಕಿಗೆ ಭರವಸೆ ಕೊಡುವವನು ಇನ್ನೊಬ್ಬ, ಕೆಲಸ ಮಾಡುವವನು ಮತ್ತೊಬ್ಬ. ಮಾತಿಗೂ ಕೃತಿಗೂ ನಡುವೆ ಹತ್ತು ವಿಭಾಗಗಳ ದೂರವಿರುವುದರಿಂದ ಅಲ್ಲಿ ಸುಳ್ಳಿಗೆ ಅವಿತುಕೊಳ್ಳಲು ಸ್ಥಳವಿದೆ. ಐದಾರು ಜನರ ಕೋಣೆಯಲ್ಲಿ ಆ ದೂರವೆಲ್ಲಿಂದ ಬರಬೇಕು? ಅಲ್ಲಿ ಬೆಳಗ್ಗೆ ಫೋನಿನಲ್ಲಿ ಭರವಸೆ ಕೊಟ್ಟವನೇ ಮಧ್ಯಾಹ್ನ ಅದನ್ನು ಮಾಡಲು ಕೂಡುತ್ತಾನೆ. ಎನ್ರಾನಿನ ಕತೆಯಿಂದ ಕಲಿಯಬೇಕಾದ ಪಾಠವೇನಾದರೂ ಇದ್ದರೆ, ಮೌಲ್ಯವು ದೊಡ್ಡವರಿಗೆ ಸುಲಭವೆಂಬುದಲ್ಲ, ಅವರಿಗೇ ಅದು ದುಸ್ಸಾಧ್ಯವೆಂಬುದು.

ಈಗ ಕೆಲಸವನ್ನೇ ಸಮೀಪದಿಂದ ನೋಡೋಣ. ದುರ್ಗದ ಬೈಲಿನ ಆಸುಪಾಸಿನಲ್ಲಿ ಇಳಕಲ್ ಸೀರೆ ಮಾರುವ ವರ್ತಕನೊಬ್ಬನು ನೇಕಾರನಿಂದ ಸೀರೆ ಕೊಳ್ಳುವಾಗ ಅದನ್ನು ಬಿಡಿಸಿ, ಮಗುಚಿ, ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿಹಾಕಿದ ಸಂಧಿಯನ್ನು ಬೆರಳಿನಿಂದ ಸವರಿ, ಬಣ್ಣವನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾನೆ. ಅವನ ಅಜ್ಜನಿಗೂ ಗೊತ್ತಿದ್ದ ಆ ವಿದ್ಯೆಯಲ್ಲಿ ಅವನನ್ನು ಮೋಸಗೊಳಿಸುವುದು ಸುಲಭವಲ್ಲ. ಅದೇ ವರ್ತಕನು ತನ್ನ ಅಂಗಡಿಗೊಂದು ಜಾಲತಾಣವನ್ನು ಮಾಡಿಸಿಕೊಂಡನೆನ್ನಿ. ಅವನಿಗೆ ತೋರುವುದು ಅದರ ಮುಖವೊಂದೇ. ಚಿತ್ರಗಳು ಚೆಲುವಾಗಿವೆ, ಅಂಗಡಿಯ ಹೆಸರು ಹೊಳೆಯುತ್ತಿದೆ, ಬೀಗರಿಗೆ ತೋರಿಸಿದರೆ ಮೆಚ್ಚುತ್ತಾರೆ, ಹಣ ಸಂದಾಯವಾಗುತ್ತದೆ. ಇದನ್ನು ಮಗುಚಿ ನೋಡುವ ವಿದ್ಯೆ ಅವನಿಗಿಲ್ಲ, ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ಆ ಕಾಣದ ಮಗ್ಗುಲಿನಲ್ಲಿ ಏನೇನಿದೆಯೆಂಬುದನ್ನು ಬಲ್ಲವರು ಈ ಕಸುಬಿನವರು ಮಾತ್ರ. ಮೊದಲನೆಯದು ಹೆಸರಿನ ಒಡೆತನ. ಅಂಗಡಿಯ ಜಾಲ-ವಿಳಾಸವನ್ನು, ಅಂದರೆ ಡೊಮೇನನ್ನು, ವರ್ಷಕ್ಕೆ ಕೆಲವು ನೂರು ರೂಪಾಯಿ ತೆತ್ತು ನೋಂದಣಿ ಮಾಡಿಸಬೇಕು. ನೋಂದಣಿಯಲ್ಲಿ ಯಾರ ಹೆಸರೂ ಯಾರ ಇ-ಮೇಲೂ ಇದೆಯೋ ಆ ವಿಳಾಸದ ಹಕ್ಕು ಅವರದು. ಗಿರಾಕಿಯ ಹಣದಿಂದ, ಗಿರಾಕಿಯ ಅಂಗಡಿಯ ಹೆಸರನ್ನು, ಕಟ್ಟಿಕೊಡುವವನು ತನ್ನ ಖಾತೆಯಲ್ಲಿಯೇ ನೋಂದಾಯಿಸಿಟ್ಟುಕೊಳ್ಳುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ ಪರಿಪಾಠ. ಅನುಕೂಲವೆಂದು ಹೇಳಿ ಮಾಡಿದ ಆ ವ್ಯವಸ್ಥೆಯು, ಎರಡು ವರ್ಷಗಳ ತರುವಾಯ ಗಿರಾಕಿಯು ಬೇರೊಬ್ಬರ ಹತ್ತಿರ ಹೋಗಬಯಸಿದಾಗ ಸಂಕಲೆಯಾಗುತ್ತದೆ: ಪಾಸ್‌ವರ್ಡ್ ಸಿಗುವುದಿಲ್ಲ, ಫೋನು ಎತ್ತುವವರಿಲ್ಲ, ವರ್ಗಾವಣೆಯ ಸಂಕೇತಕ್ಕೆ ಹೊಸದೊಂದು ಬೆಲೆ ಹುಟ್ಟುತ್ತದೆ. ಅಷ್ಟರಲ್ಲಿ ಆ ವಿಳಾಸವು ಅಂಗಡಿಯ ಫಲಕದ ಮೇಲೆ, ಕೈಚೀಲದ ಮೇಲೆ, ಬಿಲ್ಲಿನ ಮೇಲೆ ಅಚ್ಚಾಗಿ ಊರೂರಿಗೆ ಹೋಗಿರುತ್ತದೆ. ಮೊದಲ ದಿನವೇ ಗಿರಾಕಿಯ ಹೆಸರಿನಲ್ಲಿ ಖಾತೆ ತೆರೆದು, ಬೀಗದ ಕೈಗಳನ್ನೆಲ್ಲ ಬರೆದು ಅವನ ಕೈಗಿಡುವುದಕ್ಕೆ ಅರ್ಧ ಗಂಟೆಯೂ ಹಿಡಿಯದು. ಆ ಅರ್ಧ ಗಂಟೆಯನ್ನು ವ್ಯಯಿಸುವವನಿಗೂ ವ್ಯಯಿಸದವನಿಗೂ ನಡುವಿನ ಅಂತರವನ್ನು ಮೌಲ್ಯವೆನ್ನದೆ ಇನ್ನೇನೆನ್ನಬೇಕು?

ಎರಡನೆಯದು ಅಕ್ಷರಗಳ ವಿಚಾರ. ಇದರ ಬಗೆಗೆ ನನಗೆ ವಿಶೇಷ ಕಳಕಳಿಯಿದೆ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಷ್ಟು ಹಿಂದೆ. ಆದರೂ ಇಂದಿಗೂ, ಅಚ್ಚುಕೂಟದವರು ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿಕೊಟ್ಟ ಕನ್ನಡ ಬರಹವನ್ನು ಮತ್ತೆ ಟೈಪು ಮಾಡುವ ಶ್ರಮಕ್ಕೆ ಬೇಸತ್ತು, ಇಡೀ ಪುಟವನ್ನು ಒಂದು ಚಿತ್ರವಾಗಿ ಅಂಟಿಸಿಬಿಡುವವರಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಚಿತ್ರವಾದ ಕನ್ನಡವನ್ನು ಗೂಗಲ್ ಪಠ್ಯವೆಂದು ಗ್ರಹಿಸಿ ಹುಡುಕುವವನ ಮುಂದೆ ತರಲಾರದು. ಓದುವವನು ಅದರಿಂದ ಒಂದು ಸಾಲನ್ನು ಎತ್ತಿಕೊಳ್ಳಲಾರ. ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಮೊದಲಾದ ತಂತ್ರಾಂಶಗಳನ್ನು ನಂಬಿ ಓದುತ್ತಿರುವ ಅಂಧ ವಿದ್ಯಾರ್ಥಿಗೆ ಅಲ್ಲಿ ಮೌನದ ಹೊರತು ಏನೂ ದೊರೆಯದು. ವಿಶ್ವ ಜಾಲದ ಮಾನದಂಡಗಳನ್ನು ನಿರೂಪಿಸುವ ಸಂಸ್ಥೆಯು 2008ರಲ್ಲಿಯೇ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠಪಕ್ಷ ನಾಲ್ಕೂವರೆಗೆ ಒಂದರ ಪ್ರಮಾಣದಲ್ಲಿ ಬೆಳಕಿನ ಭೇದವಿರಬೇಕೆಂದು ಗೊತ್ತುಪಡಿಸಿದೆ. ನಮ್ಮ ದೇಶದಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮವು 2016ರಲ್ಲಿ ಬಂದಿದೆ. ಇವೆರಡನ್ನೂ ಓದದೆಯೇ ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರಗಳನ್ನು ಚೆಲ್ಲಿ ಸೊಗಸೆನ್ನುವವರನ್ನು ಕಂಡಾಗ, ಮುಪ್ಪಿನ ಕಣ್ಣುಗಳನ್ನು ಅವರು ಓದುಗರ ಲೆಕ್ಕದಿಂದಲೇ ಹೊಡೆದುಹಾಕಿದ್ದಾರೆಂದು ನನಗೆ ಅನಿಸುತ್ತದೆ.

ಇನ್ನು ಭಾರದ ಪ್ರಶ್ನೆ. ಕ್ಯಾಮೆರಾದಿಂದ ಬಂದ ಐದಾರು ಎಂಬಿಯ ಚಿತ್ರವನ್ನು ಕುಗ್ಗಿಸದೆ ಹಾಗೆಯೇ ಏರಿಸಿದರೆ ಕಚೇರಿಯ ವೇಗದ ಸಂಪರ್ಕದಲ್ಲಿ ಅದು ಕ್ಷಣಾರ್ಧದಲ್ಲಿ ಮೂಡುತ್ತದೆ. ಕಲಘಟಗಿಯ ಆಚೆಯ ಊರಿನಲ್ಲಿ, ನವಲಗುಂದದ ಹೊಲದ ಬದುವಿನಲ್ಲಿ, ಹಳೆಯ ಫೋನು ಹಿಡಿದು ಆಸ್ಪತ್ರೆಯ ವೇಳಾಪತ್ರಿಕೆಯನ್ನು ನೋಡಬಯಸುವವನಿಗೆ ಅದು ಮೂಡುವುದೇ ಇಲ್ಲ. ಆ ರೈತನು ಕಟ್ಟಿದವನ ಗಿರಾಕಿಯಲ್ಲ. ದೂರು ಕೊಡಲು ಅವನಿಗೆ ವಿಳಾಸವೂ ಇಲ್ಲ. ಅವನ ಪಕ್ಷದಲ್ಲಿ ಆ ಕೋಣೆಯೊಳಗೆ ಕುಳಿತಿರಬಲ್ಲದ್ದು ಒಂದೇ: ಕೆಲಸಗಾರನು ತಾನೇ ಒಪ್ಪಿಕೊಂಡ ಕಟ್ಟಳೆ.

ಈ ಮಾತು ಸ್ಪಷ್ಟವಾಗಬೇಕಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಂಗಳದಲ್ಲಿ ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆ. ಭಾರತೀಯ ಮಾನಕ ಬ್ಯೂರೋ ಗೊತ್ತುಮಾಡಿದ ಒಂಬತ್ತು ಅಳತೆಗಳಿಗೆ, ಮೂರಕ್ಕೆ ಎರಡರ ಪ್ರಮಾಣ ತಪ್ಪದಂತೆ, ಬಟ್ಟೆಯನ್ನು ಕತ್ತರಿಸಿ, ಇಪ್ಪತ್ತುನಾಲ್ಕು ಅರಗಳ ಚಕ್ರವು ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಕೂಡುವಂತೆ ಮುದ್ರಿಸಿ, ಹೊಲಿದು, ಹಗ್ಗ ಪೋಣಿಸಿ ಕೊಡುವ ಈ ಕೆಲಸದಲ್ಲಿ ತೊಡಗಿದವರು ಬಹುಪಾಲು ಹೆಣ್ಣುಮಕ್ಕಳು. ಬಾಗಲಕೋಟೆಯ ಸೀಮೆಯಲ್ಲಿ ನೇಯ್ದ ಖಾದಿಯು ಇಲ್ಲಿ ಧ್ವಜವಾಗುವ ತನಕ ನೂಲು, ಬಣ್ಣ, ಹೊಲಿಗೆ ಎಲ್ಲವೂ ಪರೀಕ್ಷೆಗೆ ಗುರಿಯಾಗುತ್ತವೆ. ದೋಷ ಕಂಡಲ್ಲಿ ಸರಕು ತಿರಸ್ಕೃತವಾಗುತ್ತದೆ. ಧ್ವಜಕ್ಕೆ ಮಾನಕವಿದೆ, ಪರೀಕ್ಷಕನಿದ್ದಾನೆ. ಜಾಲತಾಣದ ಅಂಗಡಿಗೆ ಅಂಥ ಪರೀಕ್ಷಕನು ಬಂದು ಬಾಗಿಲು ತಟ್ಟುವುದಿಲ್ಲ. ಹೊರಗೆ ಪರೀಕ್ಷಕನಿಲ್ಲದ ಕೆಲಸಕ್ಕೆ ಒಳಗೆ ಒಬ್ಬ ಪರೀಕ್ಷಕನು ಬೇಕು. ಸಂಸ್ಥೆಯ ಮೌಲ್ಯಗಳೆಂದು ನಾನು ಕರೆಯುವುದು ಆ ಒಳಗಿನ ಪರೀಕ್ಷಕನನ್ನೇ. ಬಡ ಸಂಸ್ಥೆಗೆ ಅವನು ಬೇಡವೆನ್ನುವವರು, ಬೆಂಗೇರಿಯ ಹೊಲಿಗೆಯವರಿಗೆ ಅಳತೆಗೋಲು ಬೇಡವೆಂದು ಹೇಳಬಲ್ಲರೆ?

ಇಲ್ಲಿ ಪ್ರತಿಪಕ್ಷದವರು ಬಲವಾದ ಒಂದು ಉತ್ತರವನ್ನು ಕೊಡಬಹುದು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಧ್ವಜ ಸಂಹಿತೆಯು ಪಾಲಿಯೆಸ್ಟರಿನ, ಯಂತ್ರನಿರ್ಮಿತ ಧ್ವಜಗಳಿಗೂ ಅನುಮತಿಯಿತ್ತಿತು; ಮರುವರ್ಷದ ಆಗಸ್ಟಿನಲ್ಲಿ ದೇಶದ ಮನೆಮನೆಯ ಮೇಲೂ ಧ್ವಜವೇರಿದಾಗ ಅಗ್ಗದ ಬಟ್ಟೆಯು ಮಾರುಕಟ್ಟೆಯನ್ನು ತುಂಬಿತು; ಬೆಂಗೇರಿಯ ಸಂಸ್ಥೆಯು ಪ್ರತಿಭಟಿಸಿತು, ಬೇಡಿಕೆ ಕುಗ್ಗಿತೆಂದು ಅಳಲಿತು. "ನೋಡಿರಿ, ಮೌಲ್ಯ ಹಿಡಿದವರ ಗತಿ" ಎಂದು ಅವರು ಹೇಳಬಹುದು. ಈ ಆಕ್ಷೇಪಕ್ಕೆ ನಮ್ಮ ಪಕ್ಷದವರು ಸಾಮಾನ್ಯವಾಗಿ ಕೊಡುವ ಸಮಾಧಾನ, ಪ್ರಾಮಾಣಿಕತೆಯೇ ಕಟ್ಟಕಡೆಗೆ ಹೆಚ್ಚು ಲಾಭ ತರುತ್ತದೆಂಬುದು. ಅದನ್ನು ನಾನು ಒಪ್ಪಲಾರೆ. ಲಾಭಕ್ಕಾಗಿ ಹಿಡಿದ ಮೌಲ್ಯವು ಲಾಭ ತಪ್ಪಿದ ದಿನ ತಾನೂ ತಪ್ಪುತ್ತದೆ. ಹಾಗೆ ಸಮರ್ಥಿಸುವವರು ಅರಿಯದೆಯೇ ಎದುರು ಪಕ್ಷದ ಅಂಗಳಕ್ಕೆ ಹೋಗಿ ನಿಂತಿರುತ್ತಾರೆ. ನಷ್ಟವಾಗುವುದುಂಟು. ಅಗ್ಗದವನು ಆರ್ಡರನ್ನು ಕಸಿದುಕೊಂಡು ಹೋಗುವುದುಂಟು. ಬೆಂಗೇರಿಯ ಹೆಣ್ಣುಮಕ್ಕಳು ಅನುಭವಿಸಿದ ಕಷ್ಟವು ನಿಜವಾದದ್ದು. ಅದನ್ನು ಒಂದು ನೀತಿಕಥೆಯ ಸುಖಾಂತವಾಗಿ ತಿದ್ದಿ ಬರೆಯುವುದು ಅವರಿಗೆ ಮಾಡುವ ಅಪಚಾರ. ಆದರೆ ಈ ನಷ್ಟದಿಂದ ಸಿದ್ಧವಾಗುವುದು ಇಷ್ಟೇ: ಕೊಳ್ಳುವವರು ಭೇದವನ್ನು ಅರಿಯದಿದ್ದಾಗ, ಅಥವಾ ಆಳುವವರು ಭೇದವನ್ನು ಅಳಿಸಿದಾಗ, ಒಳ್ಳೆಯ ಕೆಲಸಕ್ಕೆ ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಮಾತ್ರಕ್ಕೆ ಕೈನೂಲಿನ ಧ್ವಜವೂ ಪಾಲಿಯೆಸ್ಟರಿನ ಧ್ವಜವೂ ಒಂದೇ ವಸ್ತುವಾಗಲಿಲ್ಲ.

ಅದೇ ಉಸಿರಿನಲ್ಲಿ ಧಾರವಾಡದ ಇನ್ನೊಂದು ನಿದರ್ಶನವನ್ನೂ ಹೇಳಬೇಕು. ಚಿಕ್ಕ ಸಂಸ್ಥೆಗೆ ಮೌಲ್ಯವು ಭಾರವೆನ್ನುವವರು ಸುಭಾಸ ರಸ್ತೆಯ ಅಟ್ಟದ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡಿದಂತಿಲ್ಲ. ಜಡಭರತರೆಂದು ಪ್ರಸಿದ್ಧರಾದ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ, ಆ ಅಟ್ಟದಲ್ಲಿ ನೆಲೆಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಆಧರಿಸಿ ಬೆಳೆದ ಪ್ರಕಾಶನ: ಓದುಗರು ಹಣವನ್ನು ಮುಂಗಡವಾಗಿ ಕಳಿಸುತ್ತಿದ್ದರು, ಯಾವ ಪುಸ್ತಕ ಬರುತ್ತದೆಂಬುದನ್ನು ಸಂಪಾದಕರ ವಿವೇಕಕ್ಕೆ ಬಿಡುತ್ತಿದ್ದರು. ಕಾಣದ ಸರಕಿಗೆ ಮುಂಚಿತವಾಗಿ ಹಣ ತೆರುವ ಆ ಚಂದಾದಾರನ ಸ್ಥಿತಿಯೂ ಇಂದು ಜಾಲತಾಣಕ್ಕೆ ಅಡ್ವಾನ್ಸು ಕೊಡುವ ವರ್ತಕನ ಸ್ಥಿತಿಯೂ ತತ್ತ್ವತಃ ಒಂದೇ. ಅಂಥ ವಿಶ್ವಾಸವನ್ನು ಸಂಪಾದಿಸಿದ ಸಂಸ್ಥೆಯು ಅದನ್ನು ಹೇಗೆ ಬಳಸಿತು? ಮಾರಾಟ ಖಚಿತವಾದ ಕತೆಗಳನ್ನೇ ಕೊಟ್ಟು ಸುಖವಾಗಿರಬಹುದಾಗಿತ್ತು. ಆದರೆ ಅಂದು ಇನ್ನೂ ಹೆಸರಾಗದಿದ್ದ ತರುಣ ಗಿರೀಶ ಕಾರ್ನಾಡರ 'ಯಯಾತಿ'ಯನ್ನು 1961ರಲ್ಲಿ ಪ್ರಕಟಿಸಿದ್ದು ಈ ಅಟ್ಟವೇ. ಮೂರು ವರ್ಷಗಳ ಮೇಲೆ 'ತುಘಲಕ್' ಬಂದದ್ದೂ ಇಲ್ಲಿಂದಲೇ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ವಿವೇಚನೆಯು ಆ ಚಿಕ್ಕ ಸಂಸ್ಥೆಗೆ ಲಭ್ಯವಿತ್ತೆಂಬುದೂ ಆಕಸ್ಮಿಕವಲ್ಲ. ಒಳ್ಳೆಯ ಕೆಲಸ ನಡೆಯುವಲ್ಲಿಗೆ ಒಳ್ಳೆಯ ಬುದ್ಧಿ ಹುಡುಕಿಕೊಂಡು ಬರುತ್ತದೆ. ದೊಡ್ಡ ಬಂಡವಾಳವಿಲ್ಲದ ಪ್ರಕಾಶನವೊಂದು ದಶಕದ ಮೇಲೆ ದಶಕ ಬಾಳಿದ್ದು ಮೌಲ್ಯವನ್ನು ಮುಂದಕ್ಕೆ ಹಾಕಿ ಅಲ್ಲ. ಮೊದಲು ನೆಲೆಗೊಂಡು ಆಮೇಲೆ ಅಭಿರುಚಿಯನ್ನು ಬೆಳೆಸಿಕೊಳ್ಳುತ್ತೇವೆಂದು ಜೋಶಿಯವರು ನಿಶ್ಚಯಿಸಿದ್ದರೆ, ನೆಲೆಗೊಳ್ಳುವುದಕ್ಕೆ ಕಾರಣವೇ ಅವರಲ್ಲಿ ಇರುತ್ತಿರಲಿಲ್ಲ.

ಪ್ರಚಲಿತ ಅಭಿಪ್ರಾಯಕ್ಕೆ ಇನ್ನೊಂದು ರೂಪವಿದೆ. ಅದು ಹೆಚ್ಚು ನಯವಾದದ್ದು. "ಗಿರಾಕಿ ಕೇಳಿದ್ದನ್ನ ಕೊಡೋದು ನಮ್ಮ ಕೆಲಸ, ಸರಿ-ತಪ್ಪು ಅವರಿಗೆ ಬಿಟ್ಟದ್ದು" ಎಂಬುದು. ಗಿರಾಕಿಯು ಏನನ್ನು ಕೇಳಬಹುದು? ಗೋದಾಮಿನಲ್ಲಿ ನೂರು ಸೀರೆಗಳಿರುವಾಗ ಪುಟದ ಮೇಲೆ ಎರಡೇ ಉಳಿದಿವೆಯೆಂದು ತೋರಿಸಲು ಕೇಳಬಹುದು; ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುವ ಗಡಿಯಾರವೊಂದನ್ನು ಹಚ್ಚಿ ಕೊಳ್ಳುವವನನ್ನು ಅವಸರಪಡಿಸಲು ಕೇಳಬಹುದು; ಹಣ ಕಟ್ಟುವ ಕೊನೆಯ ಪುಟದವರೆಗೂ ಒಂದು ಶುಲ್ಕವನ್ನು ಬಚ್ಚಿಡಲು ಕೇಳಬಹುದು; ವಿಚಾರಣೆಗೆಂದು ಕೊಟ್ಟ ಫೋನ್ ನಂಬರುಗಳನ್ನು ಕೂಡಿಹಾಕಿ ಬೇರೆಯವರಿಗೆ ಮಾರಲು ಅನುಕೂಲ ಮಾಡಿಕೊಡೆಂದೂ ಕೇಳಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಇಂಥ ಹದಿಮೂರು ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೂ ಅದೇ ವರ್ಷ ಅಧಿನಿಯಮವೊಂದು ಅಂಗೀಕಾರವಾಗಿದೆ. ಆದರೆ ಕಾನೂನಿನ ಕಣ್ಣು ಮುಖ್ಯವಾಗಿ ಮಾರುವವನ ಮೇಲೆ ಬೀಳುತ್ತದೆ. ಕಟ್ಟಿದ ಕೈಯನ್ನು ಹುಡುಕಿಕೊಂಡು ಅದು ವಿದ್ಯಾನಗರದ ಮೇಲಂತಸ್ತಿಗೆ ಬರಲಿಕ್ಕಿಲ್ಲ. ಬಾರದ ಮಾತ್ರಕ್ಕೆ, ಆ ಸುಳ್ಳು ಗಡಿಯಾರವನ್ನು ಬರೆದವನು ತಾನು ಬರೆದದ್ದು ಸುಳ್ಳೆಂದು ತಿಳಿದೇ ಬರೆದನೆಂಬ ಸಂಗತಿಯು ಅಳಿಸಿಹೋಗುವುದಿಲ್ಲ. ವಕೀಲನೂ ವೈದ್ಯನೂ ಕೇಳಿದ್ದೆಲ್ಲವನ್ನೂ ಕೊಡುವವರಲ್ಲವೆಂದು ಒಪ್ಪುವ ಸಮಾಜವು, ಸಾವಿರಾರು ಜನ ದಿನವೂ ನೋಡುವ ಪುಟವನ್ನು ಕಟ್ಟುವವನಿಗೆ ಮಾತ್ರ ಕೇವಲ ಆಜ್ಞಾಪಾಲಕನ ಪಟ್ಟ ಕಟ್ಟುವುದು ಸಲ್ಲದು.

ಮತ್ತು ಆ ಕೋಣೆಯಲ್ಲಿ ಇರುವವನು ಮಾಲೀಕನೊಬ್ಬನೇ ಅಲ್ಲ. ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜುಗಳಿಂದ, ಸುತ್ತಣ ಗದಗ, ಹಾವೇರಿ, ಬಾಗಲಕೋಟೆಯ ಕಡೆಯಿಂದ ಬಂದ ಹುಡುಗರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ತಮ್ಮ ಕಸುಬಿನ ಮೊದಲಕ್ಷರಗಳನ್ನು ಕಲಿಯುವುದು ಇಂಥ ಚಿಕ್ಕ ಕಚೇರಿಗಳಲ್ಲಿ. ಅಲ್ಲಿ ತರಬೇತಿಯ ವಿಭಾಗವಿಲ್ಲ, ಕೈಪಿಡಿಯಿಲ್ಲ. ಪಕ್ಕದ ಮೇಜಿನಿಂದ ಕೇಳಿಬರುವ ಮಾಲೀಕನ ಫೋನಿನ ಮಾತೇ ಅವರ ಪಾಠ. ಕೆಲಸ ಇನ್ನೂ ಆರಂಭವೇ ಆಗದಿರುವಾಗ "ಸರ, ಮುಗಿದsತ್ರೀ, ನಾಳಿಗೆ ಕೊಡ್ತೀವಿ" ಎಂದು ಅವನು ಹೇಳಿದರೆ ಸುಳ್ಳು ಹೇಳುವುದು ಈ ವೃತ್ತಿಯ ಒಂದು ಸಾಮಾನ್ಯ ಕ್ರಮವೆಂದು ಅವರು ಕಲಿಯುತ್ತಾರೆ. "ತಪ್ಪು ನಮ್ದs ಐತ್ರೀ, ಇನ್ನ ಎರಡು ದಿನ ಬೇಕು, ಅದಕ್ಕ ರೊಕ್ಕ ಹಚ್ಚೂದಿಲ್ಲ" ಎಂದರೆ ಬೇರೊಂದನ್ನು ಕಲಿಯುತ್ತಾರೆ. ಮುಂದೆ ಅವರು ಎಲ್ಲಿ ಹೋಗಿ ಎಷ್ಟು ದೊಡ್ಡ ಸಂಸ್ಥೆಯಲ್ಲಿ ಕುಳಿತರೂ ಈ ಮೊದಲ ಪಾಠವು ಅವರ ಜೊತೆಗೆ ಹೋಗುತ್ತದೆ. ಮೊದಲು ಧಂದೆ ನಿಲ್ಲಲಿ ಎಂದು ಬುದ್ಧಿ ಹೇಳುವ ಹಿರಿಯರು ಒಬ್ಬನಿಗೆ ಹೇಳುತ್ತಿರುವೆವೆಂದು ಭಾವಿಸುತ್ತಾರೆ. ಅದನ್ನು ಕೇಳಿಸಿಕೊಳ್ಳುವವರು ಐವರು.

ಕಡೆಗೆ ಬೆಲೆಯ ಮಾತು. ಮೌಲ್ಯವುಳ್ಳ ಕೆಲಸಕ್ಕೆ ತಗಲುವ ಹೆಚ್ಚಿನ ಹೊತ್ತನ್ನು ಯಾರು ತೆರಬೇಕು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವವನ ಮೌಲ್ಯವು ಮತ್ತೆ ಗೋಡೆಯ ಮೌಲ್ಯವೇ ಆಗುತ್ತದೆ. ಒಂದು ಪಾಲನ್ನು ಗಿರಾಕಿಯು ತೆರಬೇಕು. ಅದಕ್ಕಾಗಿ ಕೊಟೇಶನ್ನಿನಲ್ಲಿಯೇ, ಡೊಮೇನು ಯಾರ ಹೆಸರಿನಲ್ಲಿರುತ್ತದೆ, ಪಾಸ್‌ವರ್ಡುಗಳು ಎಂದು ಕೈಸೇರುತ್ತವೆ, ಕನ್ನಡವು ಪಠ್ಯವಾಗಿರುತ್ತದೆಯೋ ಚಿತ್ರವಾಗಿಯೋ, ಎರಡನೆಯ ವರ್ಷದ ಖರ್ಚೆಷ್ಟು ಎಂಬುದನ್ನು ತಿಳಿಗನ್ನಡದಲ್ಲಿ ಬರೆದುಕೊಡಬೇಕು. 1928ರಿಂದ ಹುಬ್ಬಳ್ಳಿಯಲ್ಲಿ ನಡೆದು ಬಂದಿರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂಥ ವರ್ತಕರ ಸಂಘವು ತನ್ನ ಸದಸ್ಯರಿಗೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿಸಿದರೆ, ಅಗ್ಗದ ಕೊಟೇಶನ್ನಿನಲ್ಲಿ ಬಿಟ್ಟುಹೋದದ್ದೇನೆಂಬುದು ಹಣ ಕೊಡುವ ಮೊದಲೇ ಕಾಣಿಸುತ್ತದೆ. ಉಳಿದ ಪಾಲನ್ನು ಮಾಲೀಕನು ತನ್ನ ಲಾಭದಿಂದ ಭರಿಸಬೇಕು. ಸುಳ್ಳು ಗಡಿಯಾರದ ಕೆಲಸವನ್ನು ನಿರಾಕರಿಸಿ, ಆ ತಿಂಗಳ ಖೋತೆಯನ್ನು ಹುಡುಗರ ಪಗಾರವನ್ನು ತಡಮಾಡಿ ಸರಿದೂಗಿಸಿಕೊಳ್ಳುವವನು, ಅಥವಾ ಒಳ್ಳೆಯ ಕೆಲಸದ ಹೆಸರಿನಲ್ಲಿ ಅವರನ್ನು ರಾತ್ರಿ ಹನ್ನೊಂದರವರೆಗೆ ಕೂಡಿಸಿಕೊಳ್ಳುವವನು, ತನ್ನ ಕೀರ್ತಿಗೆ ಬೇರೆಯವರ ಜೇಬಿನಿಂದ ಹಣ ತೆತ್ತಂತಾಯಿತು. ಅವನನ್ನು ನಮ್ಮ ಪಕ್ಷದವನೆಂದು ನಾನು ಎಣಿಸುವುದಿಲ್ಲ. ಯಾವ ಕೆಲಸವನ್ನು ಬಿಟ್ಟೆವು, ಅದರಿಂದ ಎಷ್ಟು ಹೋಯಿತು, ಅದು ಯಾರ ಪಾಲಿನಿಂದ ಹೋಯಿತು ಎಂಬ ಲೆಕ್ಕವನ್ನು ಮಾಲೀಕನು ಆ ಐದು ಜನರ ಮುಂದೆ ತೆರೆದಿಡಲಿ. ಅವರು ಅದನ್ನು ಓದಿ ಒಪ್ಪಿದ ಮೇಲೆ, ಬೇಕಾದರೆ, ಗೋಡೆಯ ಮೇಲೂ ಬರೆಸಿಕೊಳ್ಳಲಿ.